ಅರವತ್ತು ನೋಟಿನ ಮೂಲೆ

ಆ ‘ಹೂಂ’ ತನ್ನ ಬಾಯಿಂದ ಬಂದದ್ದೋ ಗಂಟಲಿನಿಂದ ಬಂದದ್ದೋ ಎನ್ನುವುದು ಬೆಳಿಗ್ಗೆ ಹಲ್ಲುಜ್ಜುವಾಗಲೂ ತಿಪ್ಪೇಶನಿಗೆ ಗೊತ್ತಾಗಲಿಲ್ಲ. ಬಾಯಿಂದ ಬಂದಿದ್ದರೆ ಅದು ಒಪ್ಪಿಗೆ. ಗಂಟಲಿನಿಂದ ಬಂದಿದ್ದರೆ, ಕೇಳುತ್ತಿದ್ದೇನೆ, ಮುಂದೆ ಹೇಳಿರಿ ಎಂದಷ್ಟೇ ಅರ್ಥ. ಕನ್ನಡಿಯ ಮುಂದೆ ನಿಂತು ಎರಡು ಬಗೆಯಲ್ಲೂ ಅಂದು ನೋಡಿದ. ತುಟಿ ಮುಚ್ಚಿದ್ದರೂ ಒಂದೇ ಸದ್ದು, ತೆರೆದಿದ್ದರೂ ಒಂದೇ ಸದ್ದು. ಬಾಯಲ್ಲಿದ್ದ ಪೇಸ್ಟಿನ ನೊರೆ ಅಂಗಿಯ ಮೇಲೆ ಬಿತ್ತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ, ಕಲೆ ಉಳಿಯಿತೇನೋ ಎಂದು ಬೆಳಕಿಗೆ ಹಿಡಿದು ನೋಡಿದ, ಇನ್ನೊಮ್ಮೆ ಒರೆಸಿದ. ಬೀಗ ಹಾಕಿ ಎಂಟು ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬಂದು ಬೀಗ ಎಳೆದು ನೋಡಿದ. ದಿನಾ ಹಾಗೆಯೇ ಮಾಡುತ್ತಿದ್ದ. ಇವತ್ತು ಮಾತ್ರ ಕೈ ಬೀಗವನ್ನು ಎಳೆಯುವಾಗ ಆ ಕೈ ಬೇರೆ ಯಾರದ್ದೋ ಅನ್ನಿಸಿತು.

ಆಫೀಸೆಂದರೆ ಬಳ್ಳಾರಿಯಲ್ಲಿ ಜೀನ್ಸ್ ಗೋದಾಮಿನ ಮೇಲಿನ ಒಂದು ಕೋಣೆ. ಕೆಳಗೆ ಹೊಲಿಗೆ ಯಂತ್ರಗಳ ಗುರ್ ಗುರ್, ಬಣ್ಣ ಅದ್ದಿದ ಬಟ್ಟೆಯ ಹುಳಿ ವಾಸನೆ. ಗೋದಾಮು, ಸಿರುಗುಪ್ಪದ ಅಕ್ಕಿ ಗಿರಣಿ ಎರಡೂ ಶಶಿಕಾಂತ್‌ನವು. ಎರಡನ್ನೂ ಬಾಡಿಗೆಗೆ ಕೊಟ್ಟು ಅವನು ಹೆಂಡತಿ ಅಕ್ಷತಾಳ ಜೊತೆ ಮಲೇಷ್ಯಾದಲ್ಲಿ ಹಾಯಿದೋಣಿಯೊಂದನ್ನು ಕೊಂಡು ಐದು ತಿಂಗಳಿಂದ ಸಮುದ್ರದ ಮೇಲಿದ್ದ. ಆ ದೋಣಿಯ ಹಣದ ವ್ಯವಹಾರವೆಲ್ಲ ಈ ಕೋಣೆಯಲ್ಲಿ ನಡೆಯುತ್ತಿತ್ತು. ತಿಪ್ಪೇಶ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ಒಂದು ಉದ್ದ ಪುಸ್ತಕದಲ್ಲಿ ದಿನವೂ ಮೂರು ದೇಶಗಳ ಹಣದ ವಿನಿಮಯ ದರ ಬರೆಯುತ್ತಿದ್ದ. ದೇಶ ಬದಲಾಗುವ ಮೊದಲು ಬ್ಯಾಂಕಿಗೆ ತಿಳಿಸಬೇಕು, ಇಲ್ಲದಿದ್ದರೆ ಕಾರ್ಡು ನಿಲ್ಲುತ್ತದೆ. ಬಂದರಿನ ಬಾಗಿಲಲ್ಲೇ ಕೂತಿರುವವನ ಹತ್ತಿರ ಹಣ ಬದಲಾಯಿಸಬಾರದು. ಒಂದು ದೇಶದ ಚಿಲ್ಲರೆ ಮುಂದಿನ ದೇಶದಲ್ಲಿ ನಡೆಯುವುದಿಲ್ಲ, ಆದ್ದರಿಂದ ಹೊರಡುವ ಮುಂಚೆ ಅದನ್ನೆಲ್ಲ ಡೀಸೆಲಿಗೆ ಹಾಕಿ ಮುಗಿಸಬೇಕು. ರೊಕ್ಕವನ್ನು ದೋಣಿಯಲ್ಲಿ ಮೂರು ಕಡೆ ಬಚ್ಚಿಡಬೇಕು. ಇದೆಲ್ಲ ಅವನು ರಾತ್ರಿ ಫೋನಿನಲ್ಲಿ ಓದಿ ಓದಿ ಕಲಿತದ್ದು. ಸಮುದ್ರವನ್ನು ಮಾತ್ರ ನೋಡಿರಲಿಲ್ಲ. ರಾರಾವಿಯ ಹತ್ತಿರ ಹೊಳೆ ತುಂಬಿದ್ದಾಗ ಕಂಡ ನೀರೇ ಅವನ ಪಾಲಿಗೆ ಎಲ್ಲಕ್ಕಿಂತ ಅಗಲವಾದ ನೀರು. ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬರೆದ ಇನ್ನೊಂದು ಸಾಲಿತ್ತು: ಡಾಲರ್ ನೋಟು ಹೊಚ್ಚ ಹೊಸದಿರಬೇಕು, ಮಡಿಕೆ, ಬರಹ, ಕಲೆ ಇದ್ದರೆ ಆ ಕಡೆಯ ದ್ವೀಪಗಳಲ್ಲಿ ಯಾರೂ ಮುಟ್ಟುವುದಿಲ್ಲ.

ನಿನ್ನೆ ಮಧ್ಯಾಹ್ನ ಫೋನು ಬಂದಾಗ ಬಲಗೈ ಅನ್ನದಲ್ಲಿತ್ತು. ಎಡಗೈಯಲ್ಲಿ ಹಿಡಿದಿದ್ದ ಫೋನಿನೊಳಗಿನಿಂದ ಗಾಳಿಯ ಸದ್ದು, ಅದರ ನಡುವೆ ಶಶಿಕಾಂತ್.

“ಲೇ ತಿಪ್ಪೇಶ, ಅರವತ್ತಕ್ಕ ಅರವತ್ತೂ ಡಾಲರ್ ನೋಟು ವಾಪಸ್ ಕೊಟ್ಟನೋ ಇಲ್ಲಿ ರೊಕ್ಕ ಬದಲಿಸಾವ. ಮೂಲ್ಯಾಗ ಕೆಂಪಗ ಕಲಿ ಐತಂತ. ಎಲ್ಲಾ ನೋಟಿಗೂ ಐತಿ. ಅಕ್ಷತಾನ ಮುಂದ, ಎರಡು ಬೆರಳಾಗ ಸತ್ತ ಇಲಿ ಹಿಡದಂಗ ಹಿಡದು ಕೊಟ್ಟ ಬೋಸುಡೀಮಗ. ಇಲ್ಲಿರೋದು ಒಂದು ಎಟಿಎಂ, ಅದೂ ಕೆಟ್ಟೈತಿ. ಪಕ್ಕದ ಬೋಟಿನ್ಯಾಗ ಒಬ್ಬ ಮುದುಕ ಅದಾನ, ಆಸ್ಟ್ರೇಲಿಯಾದವ. ಅವನ ಮುಂದ ಕೈ ಚಾಚಿದೆ. ನಾನು! ಡೀಸೆಲಿಗೆ!”

“ಅಯ್ಯೋ ಸರ...”

“ಬಳ್ಳಾರ್ಯಾಗ ಆ ಕೌಂಟರಿನ್ಯಾಕಿ ಎಣಿಸಿದ್ದಳಲ್ಲ, ಆಕೀ ಕೆಲಸ ಇದು. ಕೆಂಪ ಸ್ಟಾಂಪ್ ಪ್ಯಾಡಿಗೆ ಬೆರಳೊತ್ತಿ ಒತ್ತಿ ಎಣಿಸ್ಯಾಳ. ಹೌದಲ್ಲೋ?”

“ಹೂಂ.”

“ಏನ್ ಹೆಸರಕೀದು?”

“ಸುನಂದಾ ಅಂತ್ರಿ.”

‘ಹೂಂ’ ಎಲ್ಲಿಂದ ಬಂತೆಂದು ಎಷ್ಟಾದರೂ ವಾದಿಸಬಹುದು. ಹೆಸರು ಮಾತ್ರ ಬಾಯಿಂದಲೇ ಬಂದಿತ್ತು, ಸ್ಪಷ್ಟವಾಗಿ, ಸಾಲಿಯಲ್ಲಿ ಹಾಜರಿ ಕೂಗಿದ ಹಾಗೆ. ಫೋನು ಇಟ್ಟ ಮೇಲೆ ಅವನು ಉಳಿದ ಅನ್ನ ತಿಂದು ಮುಗಿಸಿದ. ತಿಂದದ್ದು ನೆನಪಿತ್ತು. ರುಚಿ ನೆನಪಿರಲಿಲ್ಲ.

ಇವತ್ತಿನ ಕೆಲಸ ಶಶಿಕಾಂತ್ ಹೇಳಿದ ಹಾಗೆ: ನೋಟು ಕೊಟ್ಟ ವಿದೇಶಿ ವಿನಿಮಯದ ಅಂಗಡಿಗೆ ಆ ಹುಡುಗಿಯ ಮೇಲೆ ದೂರು ಬರೆಯಬೇಕು. ನೋಟಿನ ಹಣ ಸಿರುಗುಪ್ಪದಲ್ಲಿರುವ ಶಶಿಕಾಂತ್‌ನ ತಾಯಿ ಚನ್ನವೀರಮ್ಮನವರ ಖಾತೆಯಿಂದ ಹೋದದ್ದು, ಆದ್ದರಿಂದ ಅವರ ಸಹಿ ಹಾಕಿಸಬೇಕು. ಸಂಜೆ ಐದರೊಳಗೆ ಅಂಗಡಿಗೆ ಕೊಟ್ಟು, ಸೀಲು ಬಿದ್ದ ಪ್ರತಿಯ ಫೋಟೋ ಕಳಿಸಬೇಕು. ತಿಪ್ಪೇಶ ದೂರನ್ನು ನಾಲ್ಕು ಸಲ ಬರೆದ. ಕೊನೆಯದರಲ್ಲಿ ‘ನೋಟುಗಳ ಮೂಲೆಯಲ್ಲಿ ಕೆಂಪು ಕಲೆಗಳು ಕಂಡುಬಂದಿದ್ದು, ಸದರಿ ಕಲೆಗಳು ಎಣಿಸುವ ಸಮಯದಲ್ಲಿ ಸಿಬ್ಬಂದಿಯಾದ ಸುನಂದಾ ಇವರ ಅಜಾಗರೂಕತೆಯಿಂದ ಆಗಿರಬಹುದಾಗಿರುತ್ತದೆ’ ಎಂದಿತ್ತು. ಆಗಿರಬಹುದಾಗಿರುತ್ತದೆ. ಆ ಪದವನ್ನು ನೋಡುತ್ತಾ ಕೂತ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆಗಿರಬಹುದು ಎಂದರೆ ಆಗದೆಯೂ ಇರಬಹುದು. ಸಂಜೆ ಕಾಲೇಜಿನಲ್ಲಿ ಕರೆಂಟು ಹೋದಾಗ ಮೊಬೈಲಿನ ಬೆಳಕಿನಲ್ಲಿ ವ್ಯವಹಾರ ಪತ್ರ ಕಲಿಸಿದ ಮೇಷ್ಟ್ರಿಗೆ ಇದನ್ನು ತೋರಿಸಿದರೆ ಶಹಬ್ಬಾಸ್ ಅನ್ನುತ್ತಿದ್ದರು. ಎರಡು ಪ್ರತಿ ತೆಗೆದು, ಅಂಚಿಗೆ ಅಂಚು ಸೇರಿಸಿ ಪ್ಲಾಸ್ಟಿಕ್ ಫೈಲಿನಲ್ಲಿಟ್ಟ.

ಆ ನೋಟುಗಳನ್ನೂ ಇಂಥದೇ ಫೈಲಿನಲ್ಲಿ ತಂದಿದ್ದ. ಶಶಿಕಾಂತ್ ಹೊರಡುವ ಮುಂಚೆ, ಆ ದಿನ ಕೌಂಟರಿನ ಗಾಜಿನ ಆಚೆ ಸುನಂದಾ ಒಂದೊಂದೇ ನೋಟನ್ನು ದೀಪಕ್ಕೆ ಹಿಡಿದು ಎರಡೂ ಕಡೆ ತೋರಿಸಿದಳು. ಇವನು ಒಂದಕ್ಕೆ ಮೂಲೆ ಸಣ್ಣಗೆ ಮಡಚಿದೆ ಎಂದ, ಇನ್ನೊಂದಕ್ಕೆ ಪೆನ್ನಿನ ಚುಕ್ಕಿ ಎಂದ. ಆಕೆ ಬೇಸರಿಸದೆ ಹೊಸ ಕಟ್ಟು ಬಿಚ್ಚಿದಳು. “ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡಂಗಿಲ್ಲ ಬಿಡ್ರಿ ನೀವು,” ಎಂದು ನಕ್ಕಳು. ಬೆರಳು ಒದ್ದೆಯಾದರೆ ನೋಟಿಗೆ ಗುರುತು ಬೀಳುತ್ತದೆಂದು ಸ್ಪಂಜನ್ನು ಮುಟ್ಟದೆ ಎಣಿಸಿದಳು. ಅರವತ್ತು ನೋಟಿಗೆ ಒಂದೂವರೆ ತಾಸು ಹಿಡಿಯಿತು. ಎದ್ದು ಬರುವಾಗ, “ನಿಮ್ಮಂಥ ಗಿರಾಕಿ ಸಂಭಾಳಿಸೀನಿ ಅಂತ ಮ್ಯಾನೇಜರ್ ಮುಂದ ಒಂದು ಮಾತು ಹಾಕ್ರಿ. ವರ್ಷ ತುಂಬಿದ್ರ ಪರ್ಮನೆಂಟ್ ಮಾಡ್ತೀವಿ ಅಂದಾರ, ಒಂದು ಕಂಪ್ಲೇಂಟ್ ಇರಬಾರ್ದಂತ,” ಅಂದಿದ್ದಳು. ಆಕೆಗೆ ವರ್ಷ ತುಂಬುವುದು ಈ ತಿಂಗಳ ಕೊನೆಗೆ. ಇವನು ಮ್ಯಾನೇಜರ್ ಮುಂದೆ ಮಾತು ಹಾಕಿರಲಿಲ್ಲ. ಒಳಗೆ ಹೋಗಲು ಸಂಕೋಚವಾಗಿ ಸುಮ್ಮನೆ ಬಂದಿದ್ದ.

ಸಿರುಗುಪ್ಪದ ಬಸ್ಸು ಕುರುಗೋಡಿನ ಮೇಲೆ ಹೋಗುವಂಥದ್ದು. ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ತಿಪ್ಪೇಶನ ತಾಯಿ ಉಚ್ಚೆಂಗೆಮ್ಮ ಬಸ್‌ಸ್ಟ್ಯಾಂಡಿನ ಪಕ್ಕದ ಸಾಲಿಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಬರುತ್ತೇನೆಂದು ಫೋನು ಮಾಡಿದರೆ ಸಾಕು, ಒಲೆ ಇನ್ನೊಬ್ಬಳಿಗೆ ಒಪ್ಪಿಸಿ ಕಿಟಕಿಯ ಕೆಳಗೆ ಬಂದು ನಿಲ್ಲುವಳು. ಇವತ್ತೂ ನಿಂತಿದ್ದಳು, ಸೆರಗಿಗೆ ಬೇಳೆಯ ಹಳದಿ, ಕೈಯಲ್ಲಿ ರೊಟ್ಟಿಯ ಗಂಟು.

“ಯಾಕಲೇ, ಮಾರಿ ಹಿಂಗ ಮಾಡ್ಕಂಡೀ? ನಿಮ್ಮ ಸಾವ್ಕಾರ್ರ ಹಡಗು ಮುಳುಗ್ತೇನು?”

“ಇಲ್ಲಬೇ.”

“ಮುಳುಗಿದ್ರ ಪಗಾರ ಯಾರು ಕೊಡ್ತಾರ, ಅದನ್ನ ಕೇಳಿಟ್ಕ ಮೊದಲು.” ಅವಳು ತಾನೇ ನಕ್ಕಳು. ಮುಂದಿನ ಸೀಟಿನ ಹೆಂಗಸೂ ನಕ್ಕಳು.

“ಯವ್ವಾ, ನಾ ಸಣ್ಣಾವಿದ್ದಾಗ ಗೌಡ್ರ ಮುಂದ ನೀ ಹೂಂ ಹೂಂ ಅಂತಿದ್ದೆಲ್ಲ, ಅವ್ರು ಹೇಳಿದ್ದಕ್ಕ ಒಪ್ಪಿ ಅಂತಿದ್ದೇನು?”

ಉಚ್ಚೆಂಗೆಮ್ಮ ಅವನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು. “ಒಪ್ಪಾಕ ನನ್ನ ಯಾರಲೇ ಕೇಳಿದ್ರು? ಅವ್ರು ಕಟ್ಟಿ ಮ್ಯಾಲೆ ಕುಂತು ಮಾತಾಡಾರು, ನಾವು ಅಂಗಳದಾಗ ಕತ್ತಲ್ಯಾಗ ನಿಂತಿರತಿದ್ವಿ. ಹೂಂ ಅನ್ನದಿದ್ರ ನಾವು ಅದೀವೋ ಹೋಗೀವೋ ಅವ್ರಿಗೆ ಹೆಂಗ ತಿಳೀಬೇಕು?” ಬಸ್ಸು ಹೊರಟಿತು. ರೊಟ್ಟಿಯ ಗಂಟು ತೊಡೆಯ ಮೇಲೆ ಬಿಸಿಯಾಗಿತ್ತು. ಆ ಬಿಸಿ ಎಲ್ಲೋ ದೂರದಲ್ಲಿ, ಬೇರೆ ಯಾರದೋ ತೊಡೆಯ ಮೇಲೆ ಇರುವಂತಿತ್ತು. ಕಾಲುವೆಯ ನೀರು, ಭತ್ತದ ಹಸಿರು, ಮತ್ತೆ ಕಾಲುವೆಯ ನೀರು. ಅವಳು ಹೇಳಿದ್ದು ಸಮಾಧಾನ ಕೊಡಬೇಕಿತ್ತು. ಇದ್ದೇನೆ ಎಂದಷ್ಟೇ ತಾನು ಅಂದದ್ದು. ಆದರೆ ಅವಳು ನಿಂತದ್ದು ಕತ್ತಲಲ್ಲಿ. ತಾನು ನಿಂತದ್ದು ಹಗಲಲ್ಲಿ, ದೀಪಕ್ಕೆ ಹಿಡಿದ ಅರವತ್ತು ನೋಟುಗಳನ್ನು ಕಣ್ಣಾರೆ ಕಂಡು, ಆಮೇಲೆ ಸಿರುಗುಪ್ಪದಲ್ಲಿ ಶಶಿಕಾಂತ್‌ನ ಮನೆಯ ಪಡಸಾಲೆಯ ಎರಡನೆಯ ಕಂಬದ ಹತ್ತಿರ.

ಎರಡನೆಯ ಕಂಬದಿಂದ ಮುಂದೆ ಬರಬೇಡ ಎಂದು ಆ ಮನೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಮೊದಲ ದಿನ ಅವನು ನಿಂತದ್ದು ಅಲ್ಲಿ, ಆಮೇಲೆ ಅದು ಅವನ ಜಾಗವಾಯಿತು, ಅಷ್ಟೆ. ಅವನು ಬರತೊಡಗಿದ ಮೇಲೆ ಆ ಮನೆಗೆ ಚಹಾಕ್ಕೆ ಕಾಗದದ ಲೋಟಗಳು ಬಂದವು. ತೊಳೆಯುವ ತ್ರಾಸ ತಪ್ಪಿತು ಎಂದು ಚನ್ನವೀರಮ್ಮ ಅಂದಿದ್ದರು. ಮನೆಯವರು ಸ್ಟೀಲಿನ ಲೋಟದಲ್ಲೇ ಕುಡಿಯುತ್ತಿದ್ದರು. ಮಲೇಷ್ಯಾಕ್ಕೆ ಹೊರಡುವ ಹಿಂದಿನ ದಿನ ಶಶಿಕಾಂತ್, ಅಕ್ಷತಾ ಬಟ್ಟೆ ಕೊಳ್ಳಲು ಹೋಗಿದ್ದರು. ಚನ್ನವೀರಮ್ಮ ಫೈಲಿನಿಂದ ನೋಟು ತೆಗೆದು ದೇವರ ಮುಂದಿಟ್ಟರು. ಕೈಯಲ್ಲಿ ಇಸ್ಪೀಟ್ ಎಲೆಯಂತೆ ಬಿಚ್ಚಿಕೊಂಡರು. ಕುಂಕುಮ ಉದುರಬಾರದೆಂದು ಬಟ್ಟಲಿಗೆ ಎರಡು ಹನಿ ನೀರು ಹಾಕಿ ಕಲಸಿದರು. ಹೆಬ್ಬೆರಳು ಅದ್ದಿ ಮೊದಲನೆಯ ಮೂಲೆಗೆ ಒತ್ತಿದರು. ‘ಅಮ್ಮಾರ’ ಎನ್ನುವ ಮಾತು ತಿಪ್ಪೇಶನ ಗಂಟಲಿಗೆ ಬಂತು. ದೂರದ ಪಯಣಕ್ಕೆ ಹೊರಟ ಮಗನ ಹಣಕ್ಕೆ ಕುಂಕುಮ ಹಚ್ಚಬೇಡಿ ಎಂದು, ಅದೂ ದೇವರ ಮನೆಯ ಕಡೆಗೆ ಕೂಗಿ, ಎರಡನೆಯ ಕಂಬದ ಹತ್ತಿರ ನಿಂತು, ತಾನು ಹೇಳುವುದು ಹೇಗೆ? ಹತ್ತಾಯಿತು. ಇನ್ನೂ ಐವತ್ತು ಉಳಿಸಬಹುದು ಎಂದುಕೊಂಡ. ಇಪ್ಪತ್ತೆರಡಾಯಿತು. ಮೂವತ್ತೆಂಟು ಉಳಿಸಬಹುದು. ನಲವತ್ತರ ನಂತರ ಎಣಿಸುವುದನ್ನು ಬಿಟ್ಟ. ಅಷ್ಟು ಹೊತ್ತಿಗೆ ಬಾಯಿ ತೆರೆದರೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು. ನೋಟು ಮತ್ತೆ ಫೈಲಿಗೆ ಬಂದಾಗ ಹೊರಗೆ ಬೇವಿನ ಮರದ ಕೆಳಗೆ ಕೂತು, ಒಣ ಹತ್ತಿಯಿಂದ ಒಂದೊಂದನ್ನೇ ಒರೆಸಿದ. ಕೆಂಪು ತಿಳಿಯಾಗಿ ಹರಡಿತು, ಹೋಗಲಿಲ್ಲ. ನಾಳೆ ಅವರು ಹೊರಡುವ ಮೊದಲು ಸುನಂದಾಳ ಹತ್ತಿರ ಬದಲಾಯಿಸಬಹುದೇ ಎಂದು ಯೋಚಿಸಿದ. ಏನಾಯಿತೆಂದು ಹೇಳಬೇಕಾಗುತ್ತದೆ. ಪರದೇಶದವರು ಇಷ್ಟು ಸಣ್ಣದನ್ನು ಎಲ್ಲಿ ನೋಡುತ್ತಾರೆ ಎಂದುಕೊಂಡು ನೋಟುಗಳನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿದ.

ಸಿರುಗುಪ್ಪದಲ್ಲಿ ಚನ್ನವೀರಮ್ಮ ಪಡಸಾಲೆಯಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು, ಗಿರಣಿಯ ಮನೆಯಲ್ಲೂ ಅಕ್ಕಿ ಆರಿಸುವುದು ತಪ್ಪಿರಲಿಲ್ಲ.

“ಬಾಪಾ ತಿಪ್ಪೇಶಿ. ಏನಂತಾನ ನನ್ನ ಮಗ? ಆ ತೆಪ್ಪದಾಗ ಇನ್ನೂ ಎಷ್ಟು ದಿನ ತೇಲ್ತಾನಂತ?”

“ತೆಪ್ಪ ಅಲ್ರಿ ಅಮ್ಮಾರ, ದೊಡ್ಡದೈತ್ರಿ. ಒಳಗ ಅಡಿಗಿಮನಿ ಐತಿ, ಮಂಚ ಐತಿ.”

“ಮಂಚ ಇಲ್ಲಿ ಇದ್ದಿದ್ದಿಲ್ಲೇನು?”

ಅವನು ಕಾಗದ ಚಾಚಿದ. ನೋಟು ವಾಪಸ್ ಬಂದದ್ದನ್ನು ಹೇಳಿದ. ಹೇಳುತ್ತಾ ಹೇಳುತ್ತಾ, ತಾನೇ ಬಯಸದೆ, “ಮೂಲ್ಯಾಗ ಕೆಂಪಗ ಇತ್ತಂತ್ರಿ, ಕುಂಕುಮದ್ದು,” ಅಂದುಬಿಟ್ಟ.

ಅಕ್ಕಿಯಲ್ಲಿ ಆಡುತ್ತಿದ್ದ ಬೆರಳು ನಿಂತಿತು. “ರೊಕ್ಕ ಹೊಸ್ತಿಲ ದಾಟಬೇಕಂದ್ರ ಹಚ್ಚಿ ಕಳಸೋದು. ನಮ್ಮತ್ತಿ ಹಚ್ತಿದ್ದಳು, ನಾ ಹಚ್ತೀನಿ.”

“ಹೌದ್ರಿ. ಅಲ್ಲಿ ತಗೊಳ್ಳಂಗಿಲ್ಲಂತ್ರಿ ಅದನ್ನ.”

“ನಿನಗ ಮೊದಲ ಗೊತ್ತಿತ್ತೇನು?”

ಅವನು ಫೈಲಿನಿಂದ ಎರಡನೆಯ ಪ್ರತಿಯನ್ನು ತೆಗೆದ.

“ಅಲ್ಲೇ ನಿಂತಿದ್ದೆಲ್ಲೋ. ಬಾಯಿಗೇನಾಗಿತ್ತು?” ಎಂದವರು ಒಂದು ಗಳಿಗೆ ಅವನನ್ನು ದಿಟ್ಟಿಸಿ ನೋಡಿ, ತಾವೇ ಕಣ್ಣು ಆಚೆ ಮಾಡಿದರು. “ಹೇಳಿದ್ರ ನಾ ಬೈತಿದ್ದೆ, ಖರೆ. ನೀನ್ಯಾವ ದೊಡ್ಡ ಮನುಷ್ಯ ನನಗ ಹೇಳಾಕ ಅಂತಿದ್ದೆ.” ಆಮೇಲೆ ದನಿ ಇಳಿಸಿದರು. “ಶಶೀಗೆ ಹೇಳಬ್ಯಾಡಪಾ. ಮೊದಲ ನನ್ನ ಸೊಸಿ ನನ್ನ ಮಡಿ-ಗಿಡಿ ಎಲ್ಲಾ ನೋಡಿ ನಗತಾಳ. ಪರದೇಶದಾಗ ನನ್ನಿಂದ ಗಂಡ ಕೈ ಚಾಚಿದ ಅಂತ ಆದ್ರ ಮುಗೀತು. ಈ ಸುನಂದಾ ಯಾರು?”

“ಕೌಂಟರಿನ್ಯಾಕಿ ರಿ. ಆಕೀದೇನು ತಪ್ಪಿಲ್ರಿ. ಈ ಕಾಗದ ಹೋದ್ರ ಆಕೀ ಕೆಲಸ ಹೊಕ್ಕತಿ.”

“ಅಂಥವ್ರಿಗೆ ನೂರು ಕೆಲಸ ಸಿಗ್ತಾವು ಬಿಡು,” ಎಂದು ಚನ್ನವೀರಮ್ಮ ಕನ್ನಡಕ ಹಾಕಿಕೊಂಡರು. ಒಂದೊಂದೇ ಅಕ್ಷರ ಕೂಡಿಸಿ, ಎರಡೂ ಪ್ರತಿಗೆ ಸಹಿ ಮಾಡಿದರು. “ಚಾ ಕುಡದು ಹೋಗು,” ಎಂದರು. ಅವನು ಕುಡಿದ. ಕಾಗದದ ಲೋಟ ಬೆರಳಿಗೆ ಸುಡುತ್ತಿರಬೇಕು, ತಳ ಮೆತ್ತಗಾಗಿತ್ತು. ಸತ್ಯವನ್ನು ಒಬ್ಬರ ಮುಂದೆ ಹೇಳಿಬಿಟ್ಟರೆ ಎದೆ ಹಗುರಾಗುತ್ತದೆಂದು ಅವನು ನಂಬಿದ್ದ. ಹೇಳಿಯೂ ಆಯಿತು. ಎಲ್ಲವೂ ಮೊದಲಿನಷ್ಟೇ ಭಾರವಿತ್ತು, ಅಥವಾ ಭಾರವೇ ಇರಲಿಲ್ಲ. ಎರಡಕ್ಕೂ ವ್ಯತ್ಯಾಸ ತಿಳಿಯದಂತಾಗಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಫೈಲನ್ನು ಕಿಟಕಿಯಿಂದ ಹಾರಿಬಿಡುವುದನ್ನು ಯೋಚಿಸಿದ. ಕಾಗದ ಕಳೆಯಿತು ಎನ್ನಬಹುದು. ಆದರೆ ತಿಪ್ಪೇಶ ಕಾಗದ ಕಳೆಯುವವನಲ್ಲವೆಂದೇ ಶಶಿಕಾಂತ್ ಅವನನ್ನು ಇಟ್ಟುಕೊಂಡದ್ದು. ಹದಿನೆಂಟು ಸಾವಿರದ ಪಗಾರ ಆ ನಂಬಿಕೆಗೇ. ಫೋನಿಗೆ ಒಂದು ಸಂದೇಶ ಬಂತು: ‘ಆತೇನೋ?’ ಅದರ ಕೆಳಗೆ ಅಕ್ಷತಾ ತೆಗೆದ ಫೋಟೋ, ನೀಲಿ ನೀರಿನ ಮೇಲೆ ಬಿಳಿ ದೋಣಿ, ಪಕ್ಕದಲ್ಲಿ ಆ ಆಸ್ಟ್ರೇಲಿಯಾದ ಮುದುಕ ಮೀನು ಎತ್ತಿ ಹಿಡಿದು ನಗುತ್ತಿದ್ದ. ಶಶಿಕಾಂತನೂ ನಗುತ್ತಿದ್ದ. ಡೀಸೆಲ್ ಸಿಕ್ಕಿತ್ತು, ತೊಂದರೆ ಮುಗಿದಿತ್ತು. ಅಲ್ಲಿ ಮುಗಿದದ್ದು ಇಲ್ಲಿ ಇನ್ನೂ ನಡೆಯುತ್ತಿತ್ತು. ‘ಹೊಂಟೀನಿ ಸರ’ ಎಂದು ಬರೆದ.

ಅಂಗಡಿಗೆ ಬಂದಾಗ ನಾಲ್ಕೂ ಮುಕ್ಕಾಲು. ಗಿರಾಕಿಗಳು ಯಾರೂ ಇರಲಿಲ್ಲ. ಗಾಜಿನ ಆಚೆ ಸುನಂದಾ ಚೀಟಿಗಳನ್ನು ಜೋಡಿಸುತ್ತಿದ್ದಳು. ಇವನನ್ನು ಕಂಡು ನಗಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ. ಕೈ ಚಾಚಿ ಕಾಗದ ತೆಗೆದುಕೊಂಡಳು. ಕೊನೆಯವರೆಗೆ ಓದಿದಳು.

“ಆಗಿರಬಹುದಾಗಿರುತ್ತದೆ,” ಎಂದು ಮೆಲ್ಲಗೆ ಅಂದಳು.

“ಮೇಡಂ, ಅದು... ಕುಂಕುಮ ರಿ.”

“ಗೊತ್ತೈತ್ರಿ. ನಿಮ್ಮ ಸಾಹೇಬ್ರು ನಿನ್ನೇನ ಮೇಲ್ ಹಾಕ್ಯಾರ, ನೋಟಿನ ಫೋಟೋ ಕೂಡ. ನೋಡಿದ ಕೂಡ್ಲೆ ಗೊತ್ತಾತು. ನಮ್ಮನ್ಯಾಗೂ ಹಚ್ತಾರ. ಮ್ಯಾನೇಜರ್‌ಗೂ ಗೊತ್ತು, ಅವ್ರು ನಕ್ಕರು.” ಆಕೆ ಕಾಗದದ ಅಂಚು ಸರಿಮಾಡಿದಳು. “ನಕ್ಕು, ಹೆಡ್ ಆಫೀಸಿಗೆ ನಗು ಕಳಸಾಕ ಬರಂಗಿಲ್ಲಮ್ಮ, ಕಾಗದ ಬೇಕು ಅಂದ್ರು. ಇಲ್ಲಿಂದ ಹೋಗುವಾಗ ನೋಟು ಸ್ವಚ್ಛ ಇದ್ದವು ಅಂತ ಗಿರಾಕಿ ಕಡೇರು ಒಂದು ಸಾಲು ಬರದು ಕೊಟ್ರ ಮುಗೀತಂತ. ನೀವೇ ಇದ್ರಲ್ರಿ ಅವತ್ತು. ನೀವೇ ನೋಡೀರಿ. ಬರದು ಕೊಡ್ತೀರೇನು?”

ಒಂದು ಸಾಲು. ಅವನ ತಲೆಯಲ್ಲಿ ಆ ಸಾಲು ಆಗಲೇ ತಯಾರಾಗಿತ್ತು, ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿ: ನೋಟುಗಳನ್ನು ನಾನು ಸ್ವತಃ ಪರೀಕ್ಷಿಸಿ ಪಡೆದಿರುತ್ತೇನೆ. ಬರೆದರೆ ಅದು ಶಶಿಕಾಂತ್‌ಗೆ ಹೋಗುತ್ತದೆ. ಹಾಗಾದರೆ ಕಲೆ ಎಲ್ಲಿ ಬಿತ್ತೋ ಎಂದು ಅವನು ಕೇಳುತ್ತಾನೆ. ತಿಪ್ಪೇಶ ಆಕೆಯ ಮುಖವನ್ನು ನೋಡಲು ಯತ್ನಿಸಿದ, ಗಾಜಿನ ಮೇಲೆ ಅಂಟಿಸಿದ್ದ ದರಪಟ್ಟಿ ಮಾತ್ರ ಕಂಡಿತು. ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಯಾರನ್ನೋ ತೆಲುಗಿನಲ್ಲಿ ಬೈಯುತ್ತಿದ್ದ. ಸುನಂದಾ ಕಾದಳು. ಗಡಿಯಾರ ನೋಡಲಿಲ್ಲ, ಪೆನ್ನು ಕುಟ್ಟಲಿಲ್ಲ. ಒಬ್ಬ ಮನುಷ್ಯನಿಗಾಗಿ ಇನ್ನೊಬ್ಬರು ಕಾಯಬಹುದಾದಷ್ಟು ಹೊತ್ತು ಕಾದಳು. ಅಷ್ಟು ಹೊತ್ತಿನಲ್ಲಿ ಅವನು ಅರವತ್ತರವರೆಗೆ ಎಣಿಸಬಹುದಾಗಿತ್ತು.

“ನಮ್ಮ ಅಮ್ಮ ಒಬ್ಬಾಕಿ ಅದಾಳ್ರಿ ಕುರುಗೋಡಿನ್ಯಾಗ,” ಅಂದ. ಯಾಕೆ ಅಂದನೋ.

“ನಮ್ಮನ್ಯಾಗೂ ಅದಾರ್ರಿ,” ಎಂದಳು ಸುನಂದಾ. ಆಮೇಲೆ ಕಪಾಟಿನಿಂದ ದಪ್ಪ ರಿಜಿಸ್ಟರ್ ತೆಗೆದಳು. ಕ್ರಮ ಸಂಖ್ಯೆ ಬರೆದಳು. ದೂರು ಕೊಟ್ಟವರ ಹೆಸರಿನ ಕೆಳಗೆ ಚನ್ನವೀರಮ್ಮ ಎಂದು ಬರೆದಳು. ಯಾರ ಮೇಲೆ ಎಂಬ ಜಾಗದಲ್ಲಿ ತನ್ನ ಹೆಸರನ್ನು ದುಂಡಗೆ, ಇನಿಷಿಯಲ್ ಸಹಿತ ಬರೆದಳು. ಅವನ ಪ್ರತಿಗೆ ಸೀಲು ಒತ್ತಿದಳು. ಸೀಲು ಅರ್ಧ ಮೂಡಿತೆಂದು ಪ್ಯಾಡಿಗೆ ಇನ್ನೊಮ್ಮೆ ಅದ್ದಿ ಪಕ್ಕದಲ್ಲಿ ಸರಿಯಾಗಿ ಒತ್ತಿದಳು.

“ಕೇಳಾಕ ಬಂದಾಗ ಈ ನಂಬರ್ ಹೇಳ್ರಿ. ಒಂದನೇ ತಾರೀಕಿನಿಂದ ಇಲ್ಲಿ ಯಾರು ಇರ್ತಾರೋ, ಅವ್ರು ತಗದು ತೋರಸ್ತಾರ.” ರಿಜಿಸ್ಟರನ್ನು ಗಾಜಿನ ಕೆಳಗಿನ ಸಂದಿಯಿಂದ ಅವನ ಕಡೆ ತಿರುಗಿಸಿದಳು. “ಇಲ್ಲಿ ಸಹಿ ಮಾಡ್ರಿ.”

ಜೇಬು ಮುಟ್ಟಿ ನೋಡಿಕೊಂಡ. ಪೆನ್ನು ಬಸ್ಸಿನಲ್ಲಿ ಬಿದ್ದಿರಬೇಕು. ಆಕೆ ತನ್ನದನ್ನು ಕೊಟ್ಟಳು. ಅದು ಇನ್ನೂ ಬೆಚ್ಚಗಿತ್ತು. ಅವನು ಸಹಿ ಮಾಡಿದ.

“ತಾರೀಕೂ ಹಾಕ್ರಿ,” ಎಂದಳು.

“ಇವತ್ತು ಎಷ್ಟ್ರಿ?”

ಆಕೆ ಹೇಳಿದಳು. ಅವನು ಬರೆದ.